ಬ್ಯಾಂಡ್‌ಗೆ ಹಾಡು ಅರೇಂಜ್ ಮಾಡ್ಬೇಕು: ಬ್ರಾಸ್ ಬ್ಯಾಂಡಾ, ವಿಂಡ್ ಬ್ಯಾಂಡಾ, ಕ್ವಿಂಟೆಟ್ಟಾ, ಫ್ಲೆಕ್ಸಾ?

ಯಾರಾದ್ರೂ ಒಂದು ದೇವರನಾಮಾನೋ ಕಾಲೇಜಿನ ಗೀತೆನೋ ಕೈಗೆ ಕೊಟ್ಟು "ಇದನ್ನ ಬ್ಯಾಂಡ್‌ಗೆ ಮಾಡ್ಕೊಡಿ ಸರ್" ಅಂದ್ರೆ ತಕ್ಷಣ ಸಾಫ್ಟ್‌ವೇರ್ ಓಪನ್ ಮಾಡ್ಕೊಂಡು ಕೂರ್ಬೇಡಿ. ಮೊದಲು ಮೂರು ವಿಷಯ ಕೇಳಿ ತಿಳ್ಕೊಳ್ಳಿ: ಯಾರ್ಯಾರು ಏನೇನು ನುಡಿಸ್ತಾರೆ, ಅವರಲ್ಲಿ ಗಟ್ಟಿ ಪ್ಲೇಯರ್‌ಗಳು ಎಷ್ಟು ಜನ, ನುಡಿಸೋದು ಹಾಲ್ ಒಳಗಾ ಇಲ್ಲ ರೋಡಲ್ಲಾ. ನಮ್ಮಲ್ಲಿ ಮದುವೆ ಬ್ಯಾಂಡ್ ಸೆಟ್ ಇದೆ, ಮಂಗಳೂರು ಕಡೆ ಚರ್ಚ್ ಫೀಸ್ಟ್‌ಗೆ ಬರೋ ಬ್ರಾಸ್ ಬ್ಯಾಂಡ್ ಇದೆ, ಮೈಸೂರಲ್ಲಿ ಪೊಲೀಸ್ ಬ್ಯಾಂಡ್ ಇದೆ, ಆಗಸ್ಟ್ 15ಕ್ಕೆ ಮಾತ್ರ ಜೀವ ಬರೋ ಸ್ಕೂಲ್ ಬ್ಯಾಂಡ್‌ಗಳಿವೆ. ಈ ನಾಲ್ಕಕ್ಕೂ ಒಂದೇ ಸ್ಕೋರ್ (ಎಲ್ಲಾ ವಾದ್ಯದವರ ಸ್ವರನೂ ಒಟ್ಟಿಗೆ ಬರೆದಿರೋದು) ಕೊಟ್ರೆ ನಾಲ್ಕರಲ್ಲೂ ಚೆನ್ನಾಗಿ ಕೇಳಲ್ಲ. ಹಾಡು ನೋಡಿ ಬ್ಯಾಂಡ್ ಮಾದರಿ ಆರಿಸೋರೇ ಜಾಸ್ತಿ, ನನ್ನ ಪ್ರಕಾರ ಆರಿಸ್ಬೇಕಾದ್ದು ಕುರ್ಚಿ ಮೇಲೆ ಕೂರೋ ಜನಾನ ನೋಡಿ. ಹಾಡನ್ನ ಆಮೇಲೆ ಬಗ್ಗಿಸ್ಬಹುದು, ಜನಾನ ಬಗ್ಗಿಸೋಕಾಗಲ್ಲ.

ಈ ಕೆಲಸ ಸುಲಭ ಅಂತ ಯಾರಾದ್ರೂ ಹೇಳಿದ್ರೆ ಮೊಜಾರ್ಟ್ ವಿಷಯ ನೆನಪಿಟ್ಕೊಳ್ಳಿ. 1782ರಲ್ಲಿ ವಿಯೆನ್ನಾದ ಚಕ್ರವರ್ತಿ ಎರಡನೇ ಜೋಸೆಫ್ ತನ್ನ ಆಸ್ಥಾನಕ್ಕೆ ಅಂತ ಎಂಟು ಜನರ ಗಾಳಿವಾದ್ಯದ ತಂಡ ಕಟ್ಟಿದ, ಎರಡು ಓಬೋ, ಎರಡು ಕ್ಲಾರಿನೆಟ್, ಎರಡು ಹಾರ್ನ್, ಎರಡು ಬಸ್ಸೂನ್. ಅದೇ ವರ್ಷ ಜುಲೈನಲ್ಲಿ ಮೊಜಾರ್ಟ್ ಅಪ್ಪನಿಗೆ ಕಾಗದ ಬರೀತಾ, ನನ್ನ ಹೊಸ ಆಪೆರಾನ ನಾನೇ ಬೇಗ ಗಾಳಿವಾದ್ಯಕ್ಕೆ ಮಾಡಿ ಮುಗಿಸ್ಬೇಕು, ಇಲ್ಲಾಂದ್ರೆ ಬೇರೆ ಯಾರೋ ಮಾಡಿ ಲಾಭ ತಗೊಂಡ್ಹೋಗ್ತಾರೆ ಅಂತಾನೆ, ಜೊತೆಗೇ ವಾದ್ಯಕ್ಕೂ ಒಗ್ಗಬೇಕು ಮೂಲದ ಪರಿಣಾಮಾನೂ ಹೋಗಬಾರದು ಅನ್ನೋ ಹಾಗೆ ಬರೆಯೋದು ಎಷ್ಟು ಕಷ್ಟ ಅಂತಾನೂ ಹೇಳ್ತಾನೆ. ಅಂಥವನಿಗೇ ಕಷ್ಟ ಅನ್ಸಿದ್ದು ಇದು. ಹಾಗಾಗಿ ಆಯ್ಕೆ ಮಾಡೋದಕ್ಕೆ ಟೈಮ್ ಕೊಡಿ.

ಬ್ರಾಸ್ ಬ್ಯಾಂಡ್

ಬ್ರಾಸ್ ಅಂದ್ರೆ ಹಿತ್ತಾಳೆ ವಾದ್ಯ, ಇಲ್ಲಿ ಬ್ರಾಸ್ ಬ್ಯಾಂಡ್ ಅಂತಿರೋದು ಬ್ರಿಟಿಷ್ ಮಾದರಿಗೆ. ಇಂಗ್ಲೆಂಡಿನ ಉತ್ತರದಲ್ಲಿ ಗಿರಣಿ, ಕಲ್ಲಿದ್ದಲು ಗಣಿಗಳ ಊರಲ್ಲಿ ಬೆಳೆದಿದ್ದು. ಯಾರ್ಕ್‌ಶೈರ್‌ನ ಬ್ಲ್ಯಾಕ್ ಡೈಕ್ ಮಿಲ್ಸ್ ಬ್ಯಾಂಡ್ ಶುರುವಾಗಿದ್ದು 1855ರಲ್ಲಿ, ಅದಕ್ಕೂ ಮುಂಚೆನೇ 1853ರಲ್ಲಿ ಮ್ಯಾಂಚೆಸ್ಟರ್‌ನ ಬೆಲ್ ವ್ಯೂನಲ್ಲಿ ಬ್ಯಾಂಡ್ ಸ್ಪರ್ಧೆ ಶುರುವಾಗಿತ್ತು. ಹಗಲೆಲ್ಲಾ ಮಿಲ್ಲಲ್ಲಿ ದುಡಿಯೋರು ಸಂಜೆ ಬಂದು ನುಡಿಸ್ಬೇಕು, ಒಬ್ಬರು ಬರ್ಲಿಲ್ಲ ಅಂದ್ರೆ ಪಕ್ಕದವರು ಆ ವಾದ್ಯ ಎತ್ಕೊಳ್ಳೋ ಹಾಗಿರ್ಬೇಕು, ಈ ಮಾದರಿಯ ಜಾಣತನ ಎಲ್ಲಾ ಇದರಲ್ಲೇ ಇದೆ.

ಪೂರ್ತಿ ತಂಡ 25 ಜನ, ತಾಳವಾದ್ಯದವರು ಬೇರೆ. ಒಂದು ಇ ಫ್ಲಾಟ್ ಸೊಪ್ರಾನೊ ಕಾರ್ನೆಟ್ (ಇ ಫ್ಲಾಟ್, ಬಿ ಫ್ಲಾಟ್ ಅನ್ನೋದು ಪೇಪರ್ ಮೇಲೆ ಸಿ ಇದ್ದಾಗ ಆ ವಾದ್ಯದಲ್ಲಿ ಕೇಳೋ ಸ್ವರ), ಒಂಬತ್ತು ಬಿ ಫ್ಲಾಟ್ ಕಾರ್ನೆಟ್ (ನಾಲ್ಕು ಸೋಲೊ, ಒಂದು ರಿಪಿಯಾನೊ, ಎರಡು ಸೆಕೆಂಡ್, ಎರಡು ಥರ್ಡ್), ಒಂದು ಫ್ಲೂಗಲ್‌ಹಾರ್ನ್, ಮೂರು ಟೆನರ್ ಹಾರ್ನ್, ಎರಡು ಬ್ಯಾರಿಟೋನ್, ಎರಡು ಯುಫೋನಿಯಂ, ಮೂರು ಟ್ರಾಂಬೋನ್, ಕೆಳಗೆ ಎರಡು ಇ ಫ್ಲಾಟ್ ಬೇಸ್, ಎರಡು ಬಿ ಫ್ಲಾಟ್ ಬೇಸ್. ಟ್ರಂಪೆಟ್ ಇಲ್ಲ, ಫ್ರೆಂಚ್ ಹಾರ್ನ್ ಇಲ್ಲ. ಬೇಸ್ ಟ್ರಾಂಬೋನ್ ಒಂದನ್ನ ಬಿಟ್ಟು ಬ್ರಾಸ್‌ನವರೆಲ್ಲಾ ಟ್ರೆಬಲ್ ಕ್ಲೆಫ್ಫೇ (ಮೇಲಿನ ಸ್ವರಗಳಿಗೆ ಬಳಸೋ ಬರವಣಿಗೆ) ಓದ್ತಾರೆ, ಬಿ ಫ್ಲಾಟ್ ಬೇಸ್ ಊದೋ ದೊಡ್ಡ ದೇಹದವರೂ ಕಾರ್ನೆಟ್ ಊದೋ ಹುಡುಗನೂ ಪೇಪರ್ ಮೇಲೆ "ಸಿ" ನೋಡಿದ್ರೆ ಇಬ್ಬರೂ ವಾಲ್ವ್ ಒತ್ತದೇ ಊದ್ತಾರೆ. ಕಾರ್ನೆಟ್ ಕಲಿತವರನ್ನ ಒಂದೇ ವಾರದಲ್ಲಿ ಟೆನರ್ ಹಾರ್ನ್ ಮೇಲೆ ಕೂರಿಸ್ಬಹುದು ಅನ್ನೋದು ಇದರಿಂದ.

ನಮ್ಮ ಕಡೆ ಇದರ ಇನ್ನೊಂದು ಉಪಯೋಗ ಇದೆ, ಇದನ್ನ ಎಷ್ಟೋ ಜನ ಗಮನಿಸಿರಲ್ಲ. ನಮ್ಮ ಬ್ಯಾಂಡ್‌ಗಳಲ್ಲಿ ಟೆನರ್ ಹಾರ್ನ್ ಸಿಗೋದು ಅಪರೂಪ, ಆದ್ರೆ ಆಲ್ಟೊ ಸ್ಯಾಕ್ಸ್ ಸಿಗುತ್ತೆ. ಎರಡೂ ಇ ಫ್ಲಾಟ್, ಎರಡರ ಟ್ರಾನ್ಸ್‌ಪೊಸಿಷನ್ನೂ (ಪೇಪರ್ ಮೇಲಿನ ಸ್ವರಕ್ಕೂ ಕೇಳೋ ಸ್ವರಕ್ಕೂ ಇರೋ ಅಂತರ) ಒಂದೇ, ಹಾಗಾಗಿ ಅದೇ ಪಾರ್ಟ್ ಶೀಟ್ (ಒಂದು ವಾದ್ಯದ ಸ್ವರ ಮಾತ್ರ ಇರೋ ಹಾಳೆ) ಸ್ಯಾಕ್ಸ್‌ನವರ ಮುಂದಿಟ್ರೆ ಒಂದು ನೋಟೂ ಬದಲಾಯಿಸದೆ ನಡೆಯುತ್ತೆ. ಬ್ಯಾರಿಟೋನ್ ಅಥವಾ ಯುಫೋನಿಯಂನ ಟ್ರೆಬಲ್ ಕ್ಲೆಫ್ ಪಾರ್ಟ್‌ನ ಟೆನರ್ ಸ್ಯಾಕ್ಸ್‌ಗೆ ಕೊಡಿ, ಇ ಫ್ಲಾಟ್ ಬೇಸ್ ಪಾರ್ಟ್‌ನ ಬ್ಯಾರಿಟೋನ್ ಸ್ಯಾಕ್ಸ್‌ಗೆ ಕೊಡಿ, ಕಾರ್ನೆಟ್ ಪಾರ್ಟ್ ಕ್ಲಾರಿನೆಟ್‌ಗೂ ಟ್ರಂಪೆಟ್‌ಗೂ ಹಾಗೇ ಆಗುತ್ತೆ. ಬ್ರಾಸ್ ಬ್ಯಾಂಡ್ ಸ್ಕೋರ್ ಒಂದು ಕೈಲಿದ್ರೆ ಇರೋ ಬರೋ ವಾದ್ಯದವರನ್ನೆಲ್ಲಾ ಕೂರಿಸಿ ಒಂದು ರಿಹರ್ಸಲ್ ತೆಗೆಯೋದಕ್ಕೆ ಸಾಕು. ಆಕ್ಟೇವ್ (ಸ್ಥಾಯಿ) ಸರಿ ಇರುತ್ತೆ, ಸ್ವರ ಸರಿ ಇರುತ್ತೆ, ಬಣ್ಣ ಮಾತ್ರ ಬೇರೆ.

ಸೌಂಡ್ ವಿಷಯಕ್ಕೆ ಬಂದ್ರೆ ಟ್ರಾಂಬೋನ್ ಬಿಟ್ಟು ಮಿಕ್ಕಿದ್ದೆಲ್ಲಾ ಒಳಗಡೆ ಕೋನ್ ಥರ ಅಗಲ ಆಗ್ತಾ ಹೋಗೋ ಕೊಳವೆಗಳು, ಅದಕ್ಕೇ ಒಂದಕ್ಕೊಂದು ಬೆರೆಯುತ್ತೆ, ಮೆತ್ತಗೆ ಊದಿದಾಗ ಆರ್ಗನ್ ಕೇಳಿದ ಹಾಗಿರುತ್ತೆ. ಭಜನೆ, ಪ್ರಾರ್ಥನೆ, ನಿಧಾನದ ಹಾಡು, ದೊಡ್ಡ ಕೋರಸ್ ಥರದ್ದಕ್ಕೆ ನನಗೆ ಇದಕ್ಕಿಂತ ಒಳ್ಳೆ ಸೌಂಡ್ ಗೊತ್ತಿಲ್ಲ. ತೊಂದರೆನೂ ಅಲ್ಲೇ ಇದೆ, ಎಲ್ಲಾ ಒಂದೇ ಬಣ್ಣ. ನಾಲ್ಕು ನಿಮಿಷ ಪೂರ್ತಿ ಎಲ್ಲರನ್ನೂ ಊದಿಸಿದ್ರೆ ಕೇಳುಗರ ಕಿವಿ ಸೋಲುತ್ತೆ, ಊದೋರ ತುಟಿನೂ ಸೋಲುತ್ತೆ. ಹಾಗಾಗಿ ಬಣ್ಣ ನೀವೇ ಹುಟ್ಟಿಸ್ಬೇಕು: ಒಂದು ಚರಣಕ್ಕೆ ಬರೀ ಟೆನರ್ ಹಾರ್ನ್ ಮತ್ತು ಬ್ಯಾರಿಟೋನ್, ಒಂದು ಕಡೆ ಕಾರ್ನೆಟ್‌ಗಳಿಗೆ ಕಪ್ ಮ್ಯೂಟ್ (ಸೌಂಡ್ ಮೆತ್ತಗಾಗೋಕೆ ವಾದ್ಯದ ಬಾಯಿಗೆ ಸಿಗಿಸೋದು), ಒಂದು ಕಡೆ ಫ್ಲೂಗಲ್ ಸೋಲೊ, ಬೇಸ್‌ನ ಎಂಟು ಬಾರ್ (ಪೇಪರ್ ಮೇಲೆ ತಾಳದ ಒಂದೊಂದು ಮನೆ) ಸುಮ್ಮನಿರಿಸಿ ಆಮೇಲೆ ಒಳಗೆ ಬಿಡೋದು. ರೆಸ್ಟ್ ಬರೆಯೋದಕ್ಕೆ ಹೆದರ್ಬೇಡಿ. ಹೊಸಬರ ಬ್ರಾಸ್ ಸ್ಕೋರ್ ನೋಡಿದ ತಕ್ಷಣ ಗೊತ್ತಾಗುತ್ತೆ, ಖಾಲಿ ಬಾರ್ ಒಂದೂ ಇರಲ್ಲ.

ವಿಂಡ್ ಬ್ಯಾಂಡ್

ಮಿಲಿಟರಿ ಬ್ಯಾಂಡ್, ಕಾನ್ಸರ್ಟ್ ಬ್ಯಾಂಡ್, ವಿಂಡ್ ಬ್ಯಾಂಡ್, ಹೆಸರು ಯಾವುದಾದ್ರೂ ಸರಿ, ಫ್ಲೂಟ್, ಕ್ಲಾರಿನೆಟ್, ಸ್ಯಾಕ್ಸ್, ಓಬೋ, ಬಸ್ಸೂನ್ ಒಂದು ಕಡೆ, ಟ್ರಂಪೆಟ್, ಹಾರ್ನ್, ಟ್ರಾಂಬೋನ್, ಯುಫೋನಿಯಂ, ಟ್ಯೂಬಾ ಇನ್ನೊಂದು ಕಡೆ. ನಮ್ಮ ದೇಶದ ಸೇನಾ ಬ್ಯಾಂಡ್‌ಗಳು ಈ ದಾರಿಯವು. ಸೇನೆಯ ಸಂಗೀತಗಾರರನ್ನ ತಯಾರು ಮಾಡೋ ಮಿಲಿಟರಿ ಮ್ಯೂಸಿಕ್ ವಿಂಗ್ ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ, 1950ರಲ್ಲಿ ಅದು ಶುರುವಾಗೋದಕ್ಕೆ ಬೆನ್ನಿಗೆ ನಿಂತವರು ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರು. ಮೈಸೂರಿನಲ್ಲಂತೂ ಅರಮನೆ ಕಾಲದಿಂದ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎರಡೂ ಇದ್ದು ಈಗ್ಲೂ ಪೊಲೀಸ್ ಬ್ಯಾಂಡ್‌ನಲ್ಲಿ ಅದು ಮುಂದುವರೀತಿದೆ, ಕರ್ನಾಟಕ ಸಂಗೀತದ ಕೃತಿಗಳನ್ನ ಕ್ಲಾರಿನೆಟ್, ಸ್ಯಾಕ್ಸ್‌ನಲ್ಲಿ ನುಡಿಸೋದು ಇಲ್ಲಿ ಹೊಸದಲ್ಲ. ಕದ್ರಿ ಗೋಪಾಲನಾಥರು ಚಿಕ್ಕವರಿದ್ದಾಗ ಸ್ಯಾಕ್ಸೊಫೋನ್ ಕೇಳಿ ಮನಸೋತಿದ್ದು ಮೈಸೂರು ಅರಮನೆ ಬ್ಯಾಂಡ್‌ನಲ್ಲೇ.

ವಿಂಡ್ ಬ್ಯಾಂಡ್‌ನಲ್ಲಿ ಬಣ್ಣ ಹುಡುಕೋ ಕಷ್ಟ ಇಲ್ಲ, ತಾನಾಗೇ ಇದೆ. ಕಷ್ಟ ಇರೋದು ಬ್ಯಾಲೆನ್ಸ್‌ನಲ್ಲಿ. ಫ್ಲೂಟ್‌ನ ಕೆಳಗಿನ ಆಕ್ಟೇವ್‌ನಲ್ಲಿ ಮೆಲೊಡಿ ಬರೆದು ಹಿಂದೆ ಎರಡು ಟ್ರಾಂಬೋನ್ ಇಟ್ರೆ ಆ ಮೆಲೊಡಿ ಯಾರಿಗೂ ಕೇಳಲ್ಲ, ಎಷ್ಟೇ "ಸಾಫ್ಟ್ ಆಗಿ ಊದ್ರಪ್ಪಾ" ಅಂದ್ರೂ ಕೇಳಲ್ಲ. ಆರ್ಕೆಸ್ಟ್ರಾದಲ್ಲಿ ವಯಲಿನ್ ಮಾಡೋ ಕೆಲಸ ಇಲ್ಲಿ ಕ್ಲಾರಿನೆಟ್‌ಗಳದ್ದು. ಹಾಗಾಗಿ ನನ್ನ ನಿಯಮ: ಕನಿಷ್ಠ ಆರು ಕ್ಲಾರಿನೆಟ್ ಇಲ್ಲದೆ ಪೂರ್ತಿ ವಿಂಡ್ ಬ್ಯಾಂಡ್ ಸ್ಕೋರ್ ಬರೆಯೋಕೆ ಕೈ ಹಾಕ್ಬೇಡಿ. ಎರಡೇ ಕ್ಲಾರಿನೆಟ್, ಆರು ಟ್ರಂಪೆಟ್ ಇರೋ ತಂಡ ಹೆಸರಿಗೆ ವಿಂಡ್ ಬ್ಯಾಂಡ್ ಆಗಿದ್ರೂ ಅದನ್ನ ಬ್ರಾಸ್ ಬ್ಯಾಂಡ್ ಅಂತಲೇ ತಿಳ್ಕೊಂಡು ಬರೆದು, ಕ್ಲಾರಿನೆಟ್‌ನ ಮೇಲಿನ ಅಲಂಕಾರಕ್ಕೆ ಇಟ್ಕೊಳ್ಳಿ.

ಇದರಲ್ಲೇ ಇನ್ನೊಂದು ಕವಲು ಇದೆ. ಅಮೆರಿಕದ ಈಸ್ಟ್‌ಮನ್ ಸ್ಕೂಲ್‌ನಲ್ಲಿ 1952ರಲ್ಲಿ ಫ್ರೆಡರಿಕ್ ಫೆನೆಲ್ ಶುರು ಮಾಡಿದ ವಿಂಡ್ ಎನ್‌ಸೆಂಬಲ್‌ನ ಯೋಚನೆ ಅಂದ್ರೆ ಒಂದೊಂದು ಪಾರ್ಟ್‌ಗೆ ಒಬ್ಬೊಬ್ಬರೇ, ದೊಡ್ಡ ಬ್ಯಾಂಡ್‌ನಲ್ಲಿ ಆಗೋ ಹಾಗೆ ಇಲ್ಲಿ ಒಂದೇ ಪಾರ್ಟ್‌ನ ನಾಲ್ಕೈದು ಜನ ಊದೋದಿಲ್ಲ. ಕೇಳೋಕೆ ಎಷ್ಟು ಸ್ಪಷ್ಟ ಅಂದ್ರೆ ಪ್ರತಿ ಗೆರೆನೂ ಬೇರೆ ಬೇರೆ ಕಾಣುತ್ತೆ. ಆದ್ರೆ ಒಬ್ಬರು ಜ್ವರ ಅಂತ ಮಲಗಿದ್ರೆ ಆ ಗೆರೆ ಅವತ್ತು ಇಲ್ಲವೇ ಇಲ್ಲ. ಕಾಲೇಜು ಹುಡುಗರ ಬ್ಯಾಂಡ್‌ಗೆ, ಪರೀಕ್ಷೆ ಟೈಮಲ್ಲಿ ಅರ್ಧ ಜನ ಬರದೇ ಇರೋ ಕಡೆ, ಇದು ಬೇಡ. ಅಂಥಾ ಕಡೆ ಮುಖ್ಯವಾದ ಯಾವ ಗೆರೆನೂ ಒಂದೇ ವಾದ್ಯದ ಮೇಲೆ ನಿಲ್ಲಬಾರದು, ಓಬೋ ಸೋಲೊ ಬರೆದ್ರೆ ಅದನ್ನೇ ಸಣ್ಣ ಅಕ್ಷರದಲ್ಲಿ ಕ್ಲಾರಿನೆಟ್ ಪಾರ್ಟ್‌ನಲ್ಲೂ ಕೊಟ್ಟಿರಿ.

ಒಂದೇ ಹಾಡು, ಎರಡು ಬ್ಯಾಂಡು

ಬಾಯಲ್ಲಿ ಹೇಳಿದ್ರೆ ಸಾಲ್ದು, ಒಂದು ಹಾಡು ತಗೊಂಡು ನೋಡೋಣ. ಕರ್ನಾಟಕ ಸಂಗೀತದ ಪಾಠಕ್ಕೆ ಹೋದವರಿಗೆಲ್ಲಾ ಗೊತ್ತಿರೋ ಪುರಂದರದಾಸರ ಪಿಳ್ಳಾರಿ ಗೀತೆ, ಲಂಬೋದರ ಲಕುಮಿಕರ, ಮಲಹರಿ ರಾಗ, ರೂಪಕ ತಾಳ. ಶುರು ಹೀಗಿದೆ: ಮ ಪ, ದ ಸ ಸ ರಿ, ರಿ ಸ, ದ ಪ ಮ ಪ. ಕೆಳಗಿನ ಸ ಇಂದ ಮೇಲಿನ ರಿ ತನಕ ಓಡಾಟ, ಒಂದು ಆಕ್ಟೇವ್ ಮೇಲೆ ಅರ್ಧ ಸ್ವರ ಅಷ್ಟೇ. ಮಕ್ಕಳ ಬ್ಯಾಂಡ್‌ಗೆ ಹೇಳಿ ಮಾಡಿಸಿದ ರೇಂಜ್.

ಈಗ ಸ ಎಲ್ಲಿಡೋದು? ಬ್ಯಾಂಡ್ ಅಂದ್ರೆ ಬಿ ಫ್ಲಾಟ್, ಅಂದ್ರೆ ಹಾರ್ಮೋನಿಯಂನ ಕರಿ 5, ಅಂತ ಎಲ್ಲರೂ ಕಣ್ಮುಚ್ಚಿ ಇಡ್ತಾರೆ. ಇಟ್ರೆ ಕಾರ್ನೆಟ್ ಪೇಪರ್ ಮೇಲೆ ಸ ಅನ್ನೋದು ಮಿಡಲ್ ಸಿ ಆಗುತ್ತೆ, ನೋಡೋಕೆ ಸುಲಭ. ಆದ್ರೆ ಮಲಹರಿಯ ರಿ ಶುದ್ಧ ರಿಷಭ, ಪೇಪರ್ ಮೇಲೆ ಡಿ ಫ್ಲಾಟ್, ಕೆಳಗಿನ ಡಿ ಫ್ಲಾಟ್‌ಗೆ ಮೂರೂ ವಾಲ್ವ್ ಒತ್ತಬೇಕು. ಮೂರೂ ವಾಲ್ವ್ ಸೇರಿದಾಗ ಸ್ವರ ಮೇಲಕ್ಕೆ ಹೋಗುತ್ತೆ, ಇದು ವಾದ್ಯದ ಲೆಕ್ಕದಲ್ಲೇ ಇರೋ ದೋಷ, ಪಳಗಿದವರು ಮೂರನೇ ಸ್ಲೈಡ್ ಹೊರಗೆ ತಳ್ಳಿ ಸರಿ ಮಾಡ್ಕೋತಾರೆ, ಮಕ್ಕಳಿಗೆ ಅದು ಬರಲ್ಲ. ರಿ ಏರಿದ್ರೆ ಮಲಹರಿ ಎಲ್ಲಿ ಉಳಿಯಿತು? ಆ ರಾಗದ ಪ್ರಾಣ ಇರೋದೇ ಸ ಪಕ್ಕ ಅಂಟಿಕೊಂಡಿರೋ ಆ ರಿ ಮೇಲೆ.

ಬ್ರಾಸ್ ಬ್ಯಾಂಡ್ ಆದ್ರೆ ನಾನು ಸ ನ ಎ ಫ್ಲಾಟ್‌ಗೆ, ಅಂದ್ರೆ ಕರಿ 4ಕ್ಕೆ ಇಳಿಸ್ತೀನಿ. ಆಗ ಕಾರ್ನೆಟ್‌ಗೆ ಸ ಒಂದನೇ ವಾಲ್ವ್, ರಿ ಬರೀ ಎರಡನೇ ವಾಲ್ವ್, ಮೇಲೂ ಕೆಳಗೂ ಹಾಗೇ, ಎರಡೂ ಕ್ಲೀನ್. ಗ ಗೆ ಒಂದು ಮೂರು ಒತ್ತಬೇಕು, ಅಲ್ಲಿ ಸ್ವಲ್ಪ ಏರುತ್ತೆ, ಆದ್ರೆ ಮಲಹರಿ ಆರೋಹಣದಲ್ಲಿ ಗ ಇಲ್ಲ, ಇಳಿಯುವಾಗ ಬಂದು ಹೋಗುತ್ತೆ, ಯಾರೂ ಅದರ ಮೇಲೆ ನಿಲ್ಲಲ್ಲ. ಶಾಸ್ತ್ರದ ಪ್ರಕಾರ ಆ ರಿ ನ ಸಿ ಫ್ಲಾಟ್ ಅಂತ ಬರೀಬೇಕು, ನಾನು ಮಕ್ಕಳಿಗೆ ಬಿ ನ್ಯಾಚುರಲ್ ಅಂತಲೇ ಬರೆಯೋದು, ಓದೋಕಾಗೋದು ಮುಖ್ಯ.

ಇದೇ ಶ್ರುತಿ ವಿಂಡ್ ಬ್ಯಾಂಡ್‌ಗೆ ಕೊಟ್ರೆ ಕ್ಲಾರಿನೆಟ್‌ನವರು ಒದ್ದಾಡ್ತಾರೆ. ಕ್ಲಾರಿನೆಟ್‌ನಲ್ಲಿ ಬ್ರೇಕ್ ಅಂತ ಒಂದಿದೆ, ಪೇಪರ್ ಮೇಲಿನ ಬಿ ಫ್ಲಾಟ್‌ಗೆ ಹೆಚ್ಚುಕಮ್ಮಿ ಬೆರಳೆಲ್ಲಾ ಎತ್ತಿರ್ತಾರೆ, ಪಕ್ಕದ ಬಿ ಗೆ ಎಲ್ಲಾ ಬೆರಳೂ ಮುಚ್ಚಿ ರಿಜಿಸ್ಟರ್ ಕೀ ಒತ್ತಬೇಕು. ಕರಿ 4ರಲ್ಲಿ ಮೇಲಿನ ಸ ಮತ್ತು ರಿ ಸರಿಯಾಗಿ ಆ ಬ್ರೇಕ್‌ನ ಆಚೆ ಈಚೆ ಕೂರುತ್ತೆ, ಅದೂ ಈ ಹಾಡಲ್ಲಿ ಸ ಸ ರಿ ರಿ ಸ ಅಂತ ಅಲ್ಲೇ ಓಡಾಟ. ಹಾಗಾಗಿ ವಿಂಡ್ ಬ್ಯಾಂಡ್‌ಗೆ ಸ ನ ಎಫ್‌ಗೆ, ಬಿಳಿ 4ಕ್ಕೆ ಇಡಿ. ಆಗ ಮ ಪ ದ ಸ ಸ ರಿ ಪೂರ್ತಿ ಬ್ರೇಕ್‌ನ ಮೇಲ್ಗಡೆ ಬರುತ್ತೆ, ಕ್ಲಾರಿನೆಟ್ ಹಾಡುತ್ತೆ. ಟ್ರಂಪೆಟ್‌ಗೆ ಮೆಲೊಡಿ ಎತ್ತರ ಆಗುತ್ತೆ, ಪರವಾಗಿಲ್ಲ, ಅವರಿಗೆ ಬೇರೆ ಕೆಲಸ ಕೊಡಿ. ಒಂದೇ ಹಾಡು, ಒಂದೇ ರಾಗ, ಶ್ರುತಿ ಮಾತ್ರ ವಾದ್ಯದ ಪ್ರಕಾರ ಬೇರೆ. ಗಾಯಕರು ಜೊತೆಗೆ ಹಾಡ್ತಾರೆ ಅಂದ್ರೆ ಆಗ ಅವರ ಶ್ರುತಿ ಮೊದಲು, ಆದ್ರೆ ಡಿ ಅಂದ್ರೆ ಬಿಳಿ 2 ಕೇಳಿದ್ರೆ ಸ್ವಲ್ಪ ಮಾತಾಡಿ ಇ ಫ್ಲಾಟ್‌ಗೆ ಒಪ್ಪಿಸಿ. ಡಿ ಮೇಜರ್ ಕೊಟ್ರೆ ಬಿ ಫ್ಲಾಟ್ ವಾದ್ಯದವರಿಗೆ ನಾಲ್ಕು ಶಾರ್ಪು, ಇ ಫ್ಲಾಟ್ ವಾದ್ಯದವರಿಗೆ ಐದು ಶಾರ್ಪು ಬೀಳುತ್ತೆ.

ಹಾರ್ಮನಿ ಬಗ್ಗೆ ಒಂದು ಮಾತು ಹೇಳ್ಲೇಬೇಕು, ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟದ ಜಾಗ ಇದು. ಮಲಹರಿಯಲ್ಲಿ ನಿ ಇಲ್ಲ, ಹಾಗಾಗಿ ಪಂಚಮದ ಮೇಲೆ ಪಾಶ್ಚಾತ್ಯರ ಡಾಮಿನೆಂಟ್ ಕಾರ್ಡ್ (ಕಾರ್ಡ್ ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಕಟ್ಟೋಕೆ ಹೋದ್ರೆ ರಾಗದಲ್ಲಿಲ್ಲದ ಸ್ವರ ಬರುತ್ತೆ, ಹಾಡು ಕೆಡುತ್ತೆ. ಆದ್ರೆ ರಾಗದ ಸ್ವರದಲ್ಲೇ ಮೂರು ಕಾರ್ಡ್ ಸಿಗುತ್ತೆ: ಸ ಗ ಪ ಮೇಜರ್, ರಿ ಮ ದ ಮೇಜರ್, ಮ ದ ಸ ಮೈನರ್. ಈ ಮೂರನ್ನೇ ಹಿತಮಿತವಾಗಿ, ಮುಖ್ಯವಾಗಿ ಸಾಲಿನ ಕೊನೆಯಲ್ಲಿ ಬಳಸಿ, ಮಿಕ್ಕ ಕಡೆ ಸ ಪ ಶ್ರುತಿ ಹಿಡಿದ್ರೆ ಸಾಕು. ಬ್ರಾಸ್ ಬ್ಯಾಂಡ್‌ನಲ್ಲಿ ನಾಲ್ಕು ಬೇಸ್ ಇರೋದ್ರಿಂದ ಇಬ್ಬರು ಉಸಿರು ತಗೊಳ್ಳುವಾಗ ಇಬ್ಬರು ಹಿಡಿದಿರ್ತಾರೆ, ತಂಬೂರಿ ಥರ ಶ್ರುತಿ ನಿಲ್ಲುತ್ತೆ. ವಿಂಡ್ ಬ್ಯಾಂಡ್‌ನಲ್ಲಿ ಟ್ಯೂಬಾ, ಬ್ಯಾರಿಟೋನ್ ಸ್ಯಾಕ್ಸ್, ಬೇಸ್ ಕ್ಲಾರಿನೆಟ್ ಸರದಿ ಮೇಲೆ. ಗಮಕದ ವಿಷಯಕ್ಕೆ ವಿಂಡ್ ಬ್ಯಾಂಡೇ ಮೇಲು, ಸ್ಯಾಕ್ಸ್, ಕ್ಲಾರಿನೆಟ್‌ನಲ್ಲಿ ತುಟಿಯಿಂದ ಸ್ವರ ಬಗ್ಗಿಸ್ಬಹುದು. ಟ್ರಾಂಬೋನ್‌ನಲ್ಲಿ ಜಾರು ಬರುತ್ತೆ, ಆದ್ರೆ ಸ್ಲೈಡ್ ಏಳೇ ಪೊಸಿಷನ್, ಒಂದೇ ಎಳೆತಕ್ಕೆ ಆರು ಅರ್ಧ ಸ್ವರಕ್ಕಿಂತ ಜಾಸ್ತಿ ಜಾರೋಕಾಗಲ್ಲ, ಅದನ್ನ ಲೆಕ್ಕ ಹಾಕಿ ಬರೀರಿ. ಹತ್ತು ಕಾರ್ನೆಟ್‌ಗೆ ಒಟ್ಟಿಗೆ ಗಮಕ ಬರೆಯೋದು ಬೇಡ, ಒಬ್ಬರು ಸೋಲೊ ಮಾಡ್ಲಿ, ಉಳಿದವರು ಸ್ವರ ನೇರ ಹಿಡೀಲಿ.

ಐದೇ ಜನ ಇದ್ರೆ

ಬ್ರಾಸ್ ಕ್ವಿಂಟೆಟ್ ಅಂದ್ರೆ ಎರಡು ಟ್ರಂಪೆಟ್, ಒಂದು ಹಾರ್ನ್, ಒಂದು ಟ್ರಾಂಬೋನ್, ಒಂದು ಟ್ಯೂಬಾ. 1970ರಲ್ಲಿ ಟೊರಾಂಟೊದಲ್ಲಿ ಶುರುವಾದ ಕೆನೆಡಿಯನ್ ಬ್ರಾಸ್ ಈ ಮಾದರಿನ ಲೋಕಕ್ಕೆಲ್ಲಾ ಪರಿಚಯ ಮಾಡಿಸ್ತು. ಅದಕ್ಕಿಂತ ಹಳೇದಾದ ಅಮೆರಿಕನ್ ಬ್ರಾಸ್ ಕ್ವಿಂಟೆಟ್ (1960) ಟ್ಯೂಬಾ ಬದಲು ಬೇಸ್ ಟ್ರಾಂಬೋನ್ ಇಟ್ಕೊಂಡಿದೆ, ತಳ ಸ್ವಲ್ಪ ತೆಳುವಾದ್ರೂ ಮಾತು ಸ್ಪಷ್ಟ. ಖರ್ಚು ಕಮ್ಮಿ, ಒಂದು ಕಾರಲ್ಲಿ ತಂಡ ಹೋಗುತ್ತೆ, ಮದುವೆ ರಿಸೆಪ್ಷನ್‌ಗೂ ಚರ್ಚ್‌ಗೂ ಸಣ್ಣ ಹಾಲ್‌ಗೂ ಸರಿ.

ಆದ್ರೆ ಅರೇಂಜ್ ಮಾಡೋಕೆ ಇದರಷ್ಟು ಕಷ್ಟದ್ದು ಬೇರೆ ಇಲ್ಲ ಅಂತ ನಾನು ಖಂಡಿತ ಹೇಳ್ತೀನಿ. ಐದೇ ಗೆರೆ, ಯಾರೂ ಬಚ್ಚಿಟ್ಕೊಳ್ಳೋಕಾಗಲ್ಲ, ಒಂದನೇ ಟ್ರಂಪೆಟ್‌ಗೆ ಪೂರ್ತಿ ಹಾಡಿನ ಮೆಲೊಡಿ ಕೊಟ್ರೆ ಮೂರನೇ ಹಾಡಿಗೆ ಅವರ ತುಟಿ ಮುಗೀತು. ಮೆಲೊಡಿನ ತಿರುಗಿಸ್ತಾ ಇರ್ಬೇಕು, ಪಲ್ಲವಿ ಟ್ರಂಪೆಟ್, ಚರಣ ಟ್ರಾಂಬೋನ್, ಮಧ್ಯೆ ಒಂದು ಕಡೆ ಟ್ಯೂಬಾಗೂ ಕೊಡಿ, ಚೆನ್ನಾಗಿ ಹಾಡೋ ವಾದ್ಯ ಅದು. ಮೇಲೆ ಹೇಳಿದ ಸ ಪ ಶ್ರುತಿ ಇಲ್ಲಿ ಹಿಡಿಸೋಕಾಗಲ್ಲ, ಟ್ಯೂಬಾ ಒಂದೇ, ಅವರಿಗೂ ಉಸಿರು ಬೇಕು, ಉದ್ದ ಹಿಡಿಸೋ ಬದಲು ಲಯವಾಗಿ ಬಿಟ್ಟು ಬಿಟ್ಟು ಬರೀಬೇಕು. ಒಬ್ಬರು ವೀಕ್ ಇದ್ರೂ ಕ್ವಿಂಟೆಟ್ ಬೇಡ. ಐದೂ ಜನ ಗಟ್ಟಿ ಇದ್ದು ಇನ್ನೂ ಐದು ಜನ ಸಿಗ್ತಾರೆ ಅಂದ್ರೆ ಹತ್ತು ಜನರ ತಂಡ ಯೋಚಿಸಿ, ಲಂಡನ್ನಿನ ಫಿಲಿಪ್ ಜೋನ್ಸ್ ಬ್ರಾಸ್ ಎನ್‌ಸೆಂಬಲ್ ಪ್ರಸಿದ್ಧ ಮಾಡಿದ ಮಾದರಿ: ನಾಲ್ಕು ಟ್ರಂಪೆಟ್, ಒಂದು ಹಾರ್ನ್, ನಾಲ್ಕು ಟ್ರಾಂಬೋನ್, ಒಂದು ಟ್ಯೂಬಾ. ಐದು ಜನ ಊದುವಾಗ ಐದು ಜನಕ್ಕೆ ರೆಸ್ಟ್ ಕೊಡ್ಬಹುದು.

ಫ್ಲೂಟ್, ಓಬೋ, ಕ್ಲಾರಿನೆಟ್, ಹಾರ್ನ್, ಬಸ್ಸೂನ್ ಇರೋ ವುಡ್‌ವಿಂಡ್ ಕ್ವಿಂಟೆಟ್ ಬಗ್ಗೆ ಜಾಸ್ತಿ ಹೇಳಲ್ಲ. ಸೊಗಸಾದ ಮಾದರಿ, ಆದ್ರೆ ನಮ್ಮಲ್ಲಿ ಓಬೋ, ಬಸ್ಸೂನ್ ನುಡಿಸೋರನ್ನ ಹುಡುಕೋದ್ರಲ್ಲೇ ವರ್ಷ ಹೋಗುತ್ತೆ. ಸಿಕ್ಕಿದ್ರೆ ಬರೀರಿ, ಸಿಕ್ಕದೆ ಬರೆದು ಇಡ್ಬೇಡಿ.

ಫ್ಲೆಕ್ಸ್ ಸ್ಕೋರ್

ನಮ್ಮ ಕಡೆ ಹತ್ತರಲ್ಲಿ ಎಂಟು ತಂಡಕ್ಕೆ ನಾನು ಹೇಳೋದು ಇದನ್ನೇ. ವಾದ್ಯದ ಹೆಸರಲ್ಲಿ ಬರೆಯೋ ಬದಲು ಐದು ಪಾರ್ಟ್ ಅಂತ ಬರೆಯೋದು, ಪ್ರತಿ ಪಾರ್ಟ್‌ನೂ ಬೇರೆ ಬೇರೆ ಟ್ರಾನ್ಸ್‌ಪೊಸಿಷನ್‌ನಲ್ಲಿ ಪ್ರಿಂಟ್ ಮಾಡಿಡೋದು. ಒಂದನೇ ಪಾರ್ಟ್ ಫ್ಲೂಟ್, ಕ್ಲಾರಿನೆಟ್, ಟ್ರಂಪೆಟ್‌ಗೆ, ಎರಡನೇದು ಕ್ಲಾರಿನೆಟ್, ಟ್ರಂಪೆಟ್, ಆಲ್ಟೊ ಸ್ಯಾಕ್ಸ್‌ಗೆ, ಮೂರನೇದು ಆಲ್ಟೊ ಸ್ಯಾಕ್ಸ್, ಎಫ್ ಹಾರ್ನ್, ಟೆನರ್ ಹಾರ್ನ್‌ಗೆ, ನಾಲ್ಕನೇದು ಟ್ರಾಂಬೋನ್, ಯುಫೋನಿಯಂ, ಟೆನರ್ ಸ್ಯಾಕ್ಸ್‌ಗೆ, ಐದನೇದು ಟ್ಯೂಬಾ, ಬ್ಯಾರಿಟೋನ್ ಸ್ಯಾಕ್ಸ್, ಅದೂ ಇಲ್ಲಾಂದ್ರೆ ಕೀಬೋರ್ಡಿನ ಎಡಗೈಗೆ. ಅವತ್ತು ಯಾರು ಬಂದ್ರೋ ಅವರನ್ನ ಐದು ಗುಂಪು ಮಾಡಿ ಕೂರಿಸಿದ್ರೆ ಹಾಡು ನಿಲ್ಲುತ್ತೆ. ಕೋವಿಡ್ ಟೈಮಲ್ಲಿ ಬ್ಯಾಂಡ್‌ಗಳು ಅರ್ಧಂಬರ್ಧ ಸೇರ್ತಿದ್ದಾಗ ಹೊರದೇಶದ ಪಬ್ಲಿಷರ್‌ಗಳೂ ಈ ಥರದ್ದನ್ನ ಜಾಸ್ತಿ ತಂದ್ರು.

ಇದರ ಬೆಲೆ ಏನಂದ್ರೆ ಬಣ್ಣ ನಿಮ್ಮ ಕೈಲಿರಲ್ಲ. ಎರಡನೇ ಪಾರ್ಟ್ ಅವತ್ತು ಸ್ಯಾಕ್ಸ್ ಊದುತ್ತಾ ಟ್ರಂಪೆಟ್ ಊದುತ್ತಾ ನಿಮಗೆ ಗೊತ್ತಿಲ್ಲ, ಹಾಗಾಗಿ ಎಲ್ಲಾ ಪಾರ್ಟ್‌ನ ರೇಂಜೂ ಅದರಲ್ಲಿರೋ ತುಂಬಾ ಇಕ್ಕಟ್ಟಾದ ವಾದ್ಯಕ್ಕೆ ಹೊಂದಬೇಕು. ಒಂದು ಮತ್ತು ಐದನೇ ಪಾರ್ಟ್ ಎರಡೇ ನುಡಿಸಿದ್ರೂ ಹಾಡು ಗುರುತು ಸಿಗಬೇಕು, ಅದನ್ನ ಮೊದಲು ಬರೆದು, ಕೇಳಿ, ಆಮೇಲೆ ಮೂರು, ಕೊನೆಗೆ ಎರಡು ಮತ್ತು ನಾಲ್ಕು ತುಂಬಿಸಿ. ಹೀಗೆ ಬರೆದ್ರೆ ಯಾವ ಇಬ್ಬರು ಬರ್ದೇ ಇದ್ರೂ ನಡೆಯುತ್ತೆ. ಫ್ಲೆಕ್ಸ್ ಅಂದ್ರೆ ಕಮ್ಮಿ ದರ್ಜೆ ಅಂತ ಮೂಗು ಮುರಿಯೋರನ್ನ ನಾನು ಒಪ್ಪಲ್ಲ. ಹಳ್ಳಿ ಸ್ಕೂಲಲ್ಲಿ ಹನ್ನೊಂದು ಮಕ್ಕಳು, ಅದರಲ್ಲಿ ನಾಲ್ಕು ಜನ ಈ ವರ್ಷ ಶುರು ಮಾಡಿದವರು, ಅವರಿಗೆ 25 ಜನರ ಸ್ಕೋರ್ ಕೊಟ್ಟು ಅರ್ಧ ಸ್ವರ ಕಾಣೆಯಾಗಿರೋ ಹಾಡು ನುಡಿಸೋದಕ್ಕಿಂತ ತುಂಬಿದ ಹಾಡು ನುಡಿಸೋದು ಮಕ್ಕಳಿಗೆ ಸಿಗಬೇಕಾದ ಮರ್ಯಾದೆ.

ರೋಡಲ್ಲಿ ನುಡಿಸೋದಾದ್ರೆ

ಮೆರವಣಿಗೆಗೆ ಬರೆಯೋದೇ ಬೇರೆ. ಹೊರಗಡೆ ಗೋಡೆ ಇಲ್ಲ, ಸೌಂಡ್ ವಾಪಸ್ ಬರಲ್ಲ, ಫ್ಲೂಟ್, ಕೆಳಗಿನ ಕ್ಲಾರಿನೆಟ್ ಸ್ವರ ಹತ್ತು ಹೆಜ್ಜೆ ದಾಟಲ್ಲ. ಮದುವೆ ಬ್ಯಾಂಡ್ ಸೆಟ್‌ನವರು ಕ್ಲಾರಿನೆಟ್, ಟ್ರಂಪೆಟ್ ಎಲ್ಲಾ ಒಂದೇ ಮೆಲೊಡಿ ಊದಿ ಕೆಳಗೆ ಯುಫೋನಿಯಂ, ಡ್ರಮ್ ಇಟ್ಕೊಳ್ಳೋದು ಗೊತ್ತಿಲ್ಲದೆ ಅಲ್ಲ, ರೋಡಲ್ಲಿ ಕೇಳೋದು ಅದೇ. ನೀವೂ ಮೆಲೊಡಿ, ಅದಕ್ಕೆ ಒಂದು ಜೊತೆ ಗೆರೆ, ಬೇಸ್, ಡ್ರಮ್, ಈ ನಾಲ್ಕಕ್ಕೇ ನಿಲ್ಲಿಸಿ.

ತಾಳ ನೋಡ್ಕೊಳ್ಳಿ. ರೂಪಕ ಆರು ಅಕ್ಷರ, ಮೂರು ಎರಡು-ನಾಲ್ಕರ ಬಾರ್ ಆಗುತ್ತೆ, ಪ್ರತಿ ಆವರ್ತನೂ ಎಡಗಾಲಿಗೇ ಬೀಳುತ್ತೆ. ಆದಿ ತಾಳ ಸರಿಯೇ ಸರಿ. ಮಿಶ್ರ ಛಾಪು ಏಳು, ಖಂಡ ಛಾಪು ಐದು, ಒಂದು ಆವರ್ತಕ್ಕೆ ಎಡಗಾಲು ಇನ್ನೊಂದಕ್ಕೆ ಬಲಗಾಲು, ಪಕ್ಕಾ ತರಬೇತಿ ಇಲ್ಲದ ತಂಡ ಸಾಲು ತಪ್ಪುತ್ತೆ. ಅಂಥಾ ಹಾಡು ನಿಂತು ನುಡಿಸೋ ಜಾಗಕ್ಕೆ ಇಟ್ಕೊಳ್ಳಿ.

ಯಾವುದರಲ್ಲಿ ಬರೆಯೋದು, ಮತ್ತೆ ಹಕ್ಕಿನ ವಿಷಯ

ಸಾಫ್ಟ್‌ವೇರ್‌ಗೆ ಹೊಸಬರಾದ್ರೆ ಮ್ಯೂಸ್‌ಸ್ಕೋರ್ ಸಾಕು, ಫ್ರೀ, ಟ್ರಾನ್ಸ್‌ಪೋಸ್ ತಾನೇ ಮಾಡುತ್ತೆ, ಕನ್ನಡದಲ್ಲಿ ಸಾಹಿತ್ಯನೂ ಹಾಕ್ಬಹುದು. ತುಂಬಾ ಪಾರ್ಟ್ ಇರೋ ಕೆಲಸ ದಿನಾ ಮಾಡೋರಿಗೆ ಡೊರಿಕೊ ಒಳ್ಳೇದು, ಸಿಬೆಲಿಯಸ್ ಕೈಗೆ ಹತ್ತಿದವರು ಅದರಲ್ಲೇ ಇರ್ಲಿ. ಫಿನಾಲೆಯಲ್ಲಿ ಹಳೆ ಫೈಲ್ ಇಟ್ಕೊಂಡಿರೋರು ಮಾತ್ರ ತಡ ಮಾಡ್ಬೇಡಿ, 2024ರ ಆಗಸ್ಟ್‌ನಲ್ಲಿ ಕಂಪನಿಯವರೇ ಅದರ ಅಭಿವೃದ್ಧಿ ನಿಲ್ಲಿಸ್ತೀವಿ ಅಂದುಬಿಟ್ರು, ಎಲ್ಲನೂ ಮ್ಯೂಸಿಕ್‌ಎಕ್ಸ್‌ಎಂಎಲ್ (ಬೇರೆ ಸಾಫ್ಟ್‌ವೇರ್‌ಗಳೂ ಓದೋ ಫೈಲ್) ಮಾಡಿ ತೆಗೆದಿಟ್ಕೊಳ್ಳಿ. ಯಾವುದೇ ಇರ್ಲಿ, ಪ್ಲೇಬ್ಯಾಕ್ ನಂಬಿ ಬ್ಯಾಲೆನ್ಸ್ ತೀರ್ಮಾನ ಮಾಡ್ಬೇಡಿ, ಕಂಪ್ಯೂಟರ್‌ನ ಫ್ಲೂಟ್‌ಗೆ ಉಸಿರು ಸಾಲದೆ ಹೋಗಲ್ಲ, ಟ್ರಂಪೆಟ್‌ಗೆ ತುಟಿ ನೋಯಲ್ಲ. ಪ್ರತಿ ಪಾರ್ಟ್‌ನೂ ನೀವೇ ಬಾಯಲ್ಲಿ ಹಾಡಿ ನೋಡಿ, ನಿಮಗೆ ಉಸಿರು ಎಲ್ಲಿ ಕಟ್ಟುತ್ತೋ ಅವರಿಗೂ ಅಲ್ಲೇ ಕಟ್ಟುತ್ತೆ.

ಹಕ್ಕಿನ ವಿಷಯ ಚಿಕ್ಕದಾಗಿ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಅರೇಂಜ್‌ಮೆಂಟ್ ಕೂಡ ಅಡಾಪ್ಟೇಷನ್ ಲೆಕ್ಕ, ಅದಕ್ಕೆ ಹಕ್ಕಿರೋರ ಅನುಮತಿ ಬೇಕು. ಸಂಗೀತಗಾರ ತೀರ್ಕೊಂಡು 60 ವರ್ಷ ಆದ್ಮೇಲೆ ಮುಕ್ತ. ಪುರಂದರದಾಸರ ಗೀತೆಗೆ ಏನೂ ತೊಂದರೆ ಇಲ್ಲ, ಹೊಸ ಸಿನಿಮಾ ಹಾಡು ಬರೆದು ಪಾರ್ಟ್ ಮಾರೋದಾದ್ರೆ ಕೇಳ್ಲೇಬೇಕು. ಮದುವೆ ಮೆರವಣಿಗೆಯಲ್ಲಿ ನುಡಿಸೋದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದ್ರೆ ಅದು ನುಡಿಸೋದಕ್ಕೆ, ಸ್ಕೋರ್ ಮಾರೋದಕ್ಕೆ ಅಲ್ಲ. ಕಲಿಯೋಕೆ ಅಂತ ಸ್ಕೋರ್ ನೋಡೋರಿಗೆ ಇಂಗ್ಲೆಂಡಿನ ಸಂಗೀತಗಾರ ಹೋಲ್ಸ್ಟ್ ಒಳ್ಳೇದು, ಮಿಲಿಟರಿ ಬ್ಯಾಂಡ್‌ಗೆ ಇ ಫ್ಲಾಟ್‌ನ ಮೊದಲ ಸ್ವೀಟ್ (ಕೆಲವು ತುಣುಕು ಜೋಡಿಸಿದ ಕೃತಿ) 1909ರಲ್ಲಿ, ಬ್ರಾಸ್ ಬ್ಯಾಂಡ್‌ಗೆ ಮೂರ್‌ಸೈಡ್ ಸ್ವೀಟ್ 1928ರಲ್ಲಿ ಬರೆದವರು, 1934ರಲ್ಲಿ ತೀರ್ಕೊಂಡ್ರು, ಹಾಗಾಗಿ ಇಲ್ಲಿ ಎರಡೂ ಮುಕ್ತ. ಎರಡನ್ನೂ ಪಕ್ಕ ಪಕ್ಕ ಇಟ್ಕೊಂಡು ಬೇಸ್ ಗೆರೆ ಯಾರಿಗೆ ಕೊಟ್ಟಿದ್ದಾರೆ, ಎಲ್ಲಿ ಯಾರನ್ನ ಸುಮ್ಮನಿರಿಸಿದ್ದಾರೆ ಅನ್ನೋದಷ್ಟನ್ನೇ ಪೆನ್ಸಿಲ್‌ನಲ್ಲಿ ಗುರುತು ಹಾಕ್ತಾ ಹೋಗಿ.

ಕೊನೆಗೆ ಪಾರ್ಟ್ ಪ್ರಿಂಟ್ ತೆಗೆಯುವಾಗ ಮೇಲ್ಗಡೆ ವಾದ್ಯದ ಹೆಸರಿನ ಜೊತೆ "ಸ = ಕರಿ 4" ಅಥವಾ "ಸ = ಬಿಳಿ 4" ಅಂತನೂ ಹಾಕಿ, ಮೃದಂಗದವರು, ಹಾಡೋರು, ಶ್ರುತಿಪೆಟ್ಟಿಗೆ ಹಿಡಿಯೋರು ಎಲ್ಲರಿಗೂ ಒಂದೇ ಸಲ ಗೊತ್ತಾಗುತ್ತೆ. ಹಾಲ್‌ಗೆ ಎ4, ಮೆರವಣಿಗೆಗೆ ವಾದ್ಯಕ್ಕೆ ಸಿಗಿಸೋ ಹಾಗೆ ಅದರ ಅರ್ಧ ಸೈಜು, ದಪ್ಪ ಕಾಗದ, ಒಂದೇ ಮುಖ. ಹಾಳೆ ತಿರುಗಿಸೋದು ಇದ್ದರೆ ಅಲ್ಲಿ ಎರಡು ಬಾರ್ ರೆಸ್ಟ್ ಇರೋ ಹಾಗೆ ನೋಡ್ಕೊಳ್ಳಿ.